ತುಳಸಿ ನೆಡುವ ಮುನ್ನ ಮುಚ್ಚಳ ತೆಗೆಯುವ ಗುರುಬಸವ್ವ

ಸವದತ್ತಿಯಲ್ಲಿ ಬೀದಿ ದೀಪಗಳು ಇನ್ನೂ ಆರಿಲ್ಲ. ಗುಡ್ಡಕ್ಕೆ ಹೋಗುವ ಭಕ್ತರ ಗಾಡಿಗಳು ಒಂದೊಂದೇ ಸದ್ದು ಮಾಡುತ್ತ ಸಾಗುತ್ತಿವೆ. ನಿವೃತ್ತ ಪೋಸ್ಟ್ ಮಾಸ್ತರ ರಘೋತ್ತಮ ರಾಯರ ಮನೆಯ ಅಂಗಳದಲ್ಲಿ ಗುರುಬಸವ್ವ ಸೆರಗನ್ನು ಸೊಂಟಕ್ಕೆ ಬಿಗಿದು, ಹಾರೆಯ ತುದಿಯನ್ನು ಸಿಮೆಂಟ್ ಮುಚ್ಚಳದ ಕೊಂಡಿಗೆ ಸಿಕ್ಕಿಸಿ ಮೀಟುತ್ತಾರೆ. ಮುಚ್ಚಳ ಅರ್ಧ ಸರಿಯುತ್ತಲೇ ಮಂಡಿಯೂರಿ ಒಳಗೆ ಬ್ಯಾಟರಿಯ ಬೆಳಕು ಬಿಡುತ್ತಾರೆ. ಉದ್ದನೆಯ ಕೋಲೊಂದನ್ನು ಇಳಿಸಿ, ಮೇಲೆತ್ತಿ, ತುದಿಯನ್ನು ಮುಟ್ಟಿ ನೋಡುತ್ತಾರೆ. ಆಮೇಲೆ ಗೇಟಿನ ಇನ್ನೊಂದು ಬದಿಗೆ ಹೋಗಿ ಅಲ್ಲಿನ ಮುಚ್ಚಳವನ್ನೂ ಎತ್ತುತ್ತಾರೆ. ಅದಕ್ಕೆ ಕೋಲು ಬೇಕಾಗುವುದಿಲ್ಲ, ಮೂಗೇ ಸಾಕು.

"ಬಲಕಿಂದು ನೀರಿಂದು, ಎಡಕಿಂದು ಹೊಲಸಿಂದು," ಎಂದು ತಮಗೆ ತಾವೇ ಹೇಳಿಕೊಂಡು ಒಂದರ ಮೇಲೆ ಸುಣ್ಣದಿಂದ ಒಂದು ಗೆರೆ, ಇನ್ನೊಂದರ ಮೇಲೆ ಎರಡು ಗೆರೆ ಎಳೆಯುತ್ತಾರೆ.

ಈ ಮನೆಯಲ್ಲಿ ಯಾವ ಮುಚ್ಚಳದ ಕೆಳಗೆ ಏನಿದೆ ಎಂಬುದು ಇಡೀ ಓಣಿಗೆ ಗೊತ್ತು. ಗುರುಬಸವ್ವ ಅದನ್ನು ಈ ಜನ್ಮದಲ್ಲಿ ಮರೆಯುವಂತಿಲ್ಲ. ಆದರೂ ತೆಗೆದು ನೋಡಿದ್ದಾರೆ. ಕಟ್ಟೆಯ ಮೇಲೆ ಕುಳಿತ ರಾಯರ ಹೆಂಡತಿ, ಎಪ್ಪತ್ತೊಂದು ವರ್ಷದ ಲೀಲಾಬಾಯಿ, ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದಾರೆ. ಎರಡು ವರ್ಷ ನಾಲ್ಕು ತಿಂಗಳಿಂದ ಅವರು ಗುರುಬಸವ್ವನ ಜೊತೆ ಒಂದು ಮಾತೂ ಆಡಿಲ್ಲ. ಇವತ್ತು ಕರೆಸಿದ್ದು ಅವರ ಸೊಸೆ ವರದಾ. ಹೊಸದಾಗಿ ಕೊರೆಸಿದ ಕೊಳವೆ ಬಾವಿಯ ನೀಲಿ ಪೈಪು, ಕಬ್ಬಿಣದ ಕಂಬಕ್ಕೆ ಜಡಿದ ಸ್ಟಾರ್ಟರ್ ಡಬ್ಬಿ, ಜೋತು ಬಿದ್ದ ವೈರು, ಇವು ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಹೊಡೆಯುತ್ತವೆ. ಅವನ್ನು ಮರೆಮಾಡುವುದು ಇವತ್ತಿನ ಕೆಲಸ. ಆದರೆ ಬೈಲಹೊಂಗಲದಿಂದ ಮೊದಲ ಬಸ್ಸು ಹಿಡಿದು ಬಂದ ಗುರುಬಸವ್ವನಿಗೆ ಬೇಕಿರುವುದು ಬೇರೆಯದೇ. ಲೀಲಾಬಾಯಿ ಒಮ್ಮೆ ಬಾಯಿಬಿಟ್ಟು ಮಾತಾಡಿಸಬೇಕು, ಬೈದರೂ ಸರಿ.

ಐವತ್ಮೂರರ ಗುರುಬಸವ್ವ ಮಾಡುವ ಉದ್ಯೋಗಕ್ಕೆ ಈ ಸೀಮೆಯಲ್ಲಿ ಇನ್ನೂ ಹೆಸರಿಲ್ಲ. ಮನೆಯ ಮುಂದಿನ ಅಂದಗೇಡಿ ವಸ್ತುಗಳನ್ನು ಗಿಡಬಳ್ಳಿಗಳಿಂದ ಮುಚ್ಚಿಕೊಡುವುದು ಅವರ ಕೆಲಸ. ಮೀಟರ್ ಡಬ್ಬಿ, ನಲ್ಲಿಯ ಮೀಟರು, ಕೊಳವೆ ಬಾವಿಯ ಮೂತಿ, ನೆಲದೊಳಗಿನ ನೀರಿನ ತೊಟ್ಟಿ, ಶೌಚದ ಗುಂಡಿ, ಅದರ ಗಾಳಿಕೊಳವೆ, ಎ.ಸಿ.ಯ ಹೊರಗಿನ ಪೆಟ್ಟಿಗೆ ಎಲ್ಲವೂ ಅವರ ಪಾಲಿಗೆ ಬರುತ್ತವೆ. ಬೈಲಹೊಂಗಲದಲ್ಲಿ ಅವರನ್ನು "ಗಿಡದವ್ವ" ಎನ್ನುತ್ತಾರೆ. ಕಿತ್ತೂರಿನ ಒಬ್ಬರು ತಮ್ಮ ಮೊಬೈಲಿನಲ್ಲಿ ಅವರ ನಂಬರನ್ನು "ಮುಚ್ಚೋ ಬಾಯಿ" ಎಂದು ಬರೆದಿಟ್ಟುಕೊಂಡಿದ್ದಾರೆ. ಅದನ್ನು ಹೇಳಿ ಸ್ವತಃ ಗುರುಬಸವ್ವನೇ ಹೊಟ್ಟೆ ತುಂಬ ನಗುತ್ತಾರೆ.

ಇಂಥ ಕೆಲಸ ಯಾಕೆ ಹುಟ್ಟಿತು ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ. "ಹಳೇ ಮನಿಗೆ ಹಿತ್ತಲ ಇರತಿತ್ತರಿ. ಬಾಂವಿ, ಬಚ್ಚಲಾ, ತಿಪ್ಪಿ ಎಲ್ಲಾ ಹಿಂದ. ಮುಂದ ಕಟ್ಟಿ, ರಂಗೋಲಿ ಅಷ್ಟ. ಈಗ ಮೂವತ್ತು ನಲವತ್ತರ ಜಾಗಾದಾಗ ಹಿಂದ ಗ್ವಾಡಿ, ಎಡಕ್ಕ ಗ್ವಾಡಿ, ಬಲಕ್ಕ ಗ್ವಾಡಿ. ಎಲ್ಲಾ ಮುಂದ ಬಂದ ಕುಂತಾವ. ಸಾಗವಾನಿ ಬಾಗಲಾ ಮಾಡಸತಾರ, ಬಾಗಲದ ಮುಂದ ಪಾಯಖಾನಿ ಗುಂಡಿ."

ಅವರು ಹುಟ್ಟಿದ್ದು ಸಂಗೊಳ್ಳಿಯ ಒಕ್ಕಲು ಮನೆಯಲ್ಲಿ. ಕೊಟ್ಟದ್ದು ಬೈಲಹೊಂಗಲಕ್ಕೆ. ಗಂಡ ನಿಜಗುಣಪ್ಪ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರುತ್ತಾರೆ, ಉಳಿದ ದಿನ ಸಿಕ್ಕ ಬಾಡಿಗೆ ಹೊಡೆಯುತ್ತಾರೆ. ಮದುವೆಯಾದ ಮೇಲೆ ಗುರುಬಸವ್ವ ಊರ ಹೊರಗಿನ ಒಂದು ನರ್ಸರಿಯಲ್ಲಿ ನೀರು ಹಾಕುವ ಕೆಲಸಕ್ಕೆ ಸೇರಿದರು. ಹನ್ನೊಂದು ವರ್ಷ ನೀರು ಹಾಕಿದರು. ಒಂದು ದಿನ ಕಿತ್ತೂರಿನ ಮೀನಾ ಎಂಬ ಶಾಲಾ ಶಿಕ್ಷಕಿ ಬಂದು, ಮನೆ ಮುಂದಿನ ಮೀಟರ್ ಡಬ್ಬಿ ಕಾಣದ ಹಾಗೆ ಏನು ಹಚ್ಚಬೇಕು ಎಂದು ಮಾಲೀಕರನ್ನು ಕೇಳಿದರು. ಮಾಲೀಕರು ಇದ್ದದ್ದರಲ್ಲೇ ದುಬಾರಿಯ ಗಿಡ ತೋರಿಸಿದರು. ಪಕ್ಕದಲ್ಲಿ ಪೈಪು ಹಿಡಿದು ನಿಂತಿದ್ದ ಗುರುಬಸವ್ವನಿಗೆ ಬಾಯಿ ತಡೆಯಲಿಲ್ಲ.

"ಅದು ಬ್ಯಾಡ್ರಿ ಅಕ್ಕಾರ, ಮುಳ್ಳ ಐತಿ, ಮೀಟರ್ ಓದಾಂವ ಬೈತಾನ. ಒಂದು ತಟ್ಟಿ ಕಟ್ಟಿ ಶಂಖಪುಷ್ಪಾ ಹಬ್ಬಿಸ್ರಿ ಅಂದೆ. ಅವರು ನನ್ನ ಮಾರಿ ನೋಡಿದ್ರು. ನೀವ ಬಂದ ಮಾಡಿಕೊಡ್ರಿ ಅಂದ್ರು. ಮಾಲಕರೂ ನನ್ನ ಮಾರಿ ನೋಡಿದ್ರು. ಅವರು ನೋಡಿದ್ದ ಬ್ಯಾರೆ ನಮೂನಿ."

ಅಲ್ಲಿಗೆ ನರ್ಸರಿಯ ಕೆಲಸ ಮುಗಿಯಿತು. ಮೀನಾ ಅವರ ಅಂಗಳದಲ್ಲಿ ಗುರುಬಸವ್ವ ಬಿದಿರಿನ ತಟ್ಟಿ ಕಟ್ಟಿ, ಅದಕ್ಕೆ ಬಿಜಾಗರಿ ಹಚ್ಚಿ ಬಾಗಿಲಿನಂತೆ ತೆಗೆಯಲು ಬರುವ ಹಾಗೆ ಮಾಡಿದ್ದರು. ನೀಲಿ ಹೂವಿನ ತಟ್ಟಿ ಸರಿಸಿದರೆ ಹಿಂದೆ ಮೀಟರು. ಅದನ್ನು ನೋಡಲು ಎರಡು ಓಣಿಯ ಜನ ಬಂದರಂತೆ. ಹನ್ನೆರಡು ವರ್ಷಗಳಲ್ಲಿ ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿ ನಾನೂರಕ್ಕೂ ಹೆಚ್ಚು ಅಂಗಳ ಅವರ ಕೈಯಿಂದ ಹಸಿರಾಗಿವೆ. ಮೊದಮೊದಲು ತಿಂಗಳಿಗೆ ಒಂದೋ ಎರಡೋ ಮನೆ, ಈಗ ಎಂಟು, ಮಳೆಗಾಲದಲ್ಲಿ ಹತ್ತು. ಏಳುವುದು ನಾಲ್ಕೂವರೆಗೆ. ಎರಡು ಗೋಣಿಚೀಲದಲ್ಲಿ ಹದಿನಾರು ಸಸಿ, ಒಂದು ಹಾರೆ, ಕಳೆ ತೆಗೆಯುವ ಒಂದು ಕುರ್ಚಗಿ, ಬುತ್ತಿ. ಬಸ್ಸಿನಲ್ಲಿ ಸಸಿಗಳಿಗೆ ಜಾಗ ಕೊಡಿಸುವುದೇ ದಿನದ ಮೊದಲ ಜಗಳ. ಮಲ್ಲಿಗೆ ಬಳ್ಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ರಾಮದುರ್ಗದವರೆಗೆ ಹೋದದ್ದೂ ಉಂಟು.

ಊರು ಬದಲಾದಂತೆ ನೆಲವೂ ಬದಲಾಗುತ್ತದೆ. ಬೈಲಹೊಂಗಲದ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟು ಬೇರನ್ನು ಹರಿದುಹಾಕುತ್ತದೆ. ಅದಕ್ಕೆ ಗಂಡ ತಂದುಕೊಡುವ ಕಬ್ಬಿನ ರವದಿಯನ್ನು, ಅಂದರೆ ಒಣಗಿದ ಸೋಗೆಯನ್ನು, ಬುಡಕ್ಕೆ ದಪ್ಪನಾಗಿ ಹಾಸುತ್ತಾರೆ. ರಾಮದುರ್ಗದಲ್ಲಿ ಅಗೆದರೆ ಕಲ್ಲು. ಅಲ್ಲಿ ಸಿಮೆಂಟ್ ಬಳೆ ಇಟ್ಟು ಮಣ್ಣು ತುಂಬಿ ದಾಸವಾಳ ಹಚ್ಚುತ್ತಾರೆ. ಕೊಳವೆ ಬಾವಿಯ ಮೋಟರು ಕೆಟ್ಟಾಗ ಎತ್ತಲು ಬರುವವರು ಮೂರು ಕಾಲಿನ ಕಂಬ ಊರಬೇಕಲ್ಲ, ಆ ಮೂರು ಕಡೆ ನೆಲದಲ್ಲಿ ಗಿಡ ಇಲ್ಲ, ಸರಿಸಲು ಬರುವ ಕುಂಡಗಳು ಮಾತ್ರ. ಮೀಟರ್ ಓದಲು ಬರುವವರ ಫೋನ್ ನಂಬರ್ ಪಡೆದು, ಸಾಧ್ಯವಾದರೆ ಕರೆಸಿ, ಅವರು ಎಲ್ಲಿ ನಿಂತು ಓದುತ್ತಾರೋ ಅಲ್ಲೇ ನಿಲ್ಲಿಸಿ ಕಾಲಿನ ಸುತ್ತ ರಂಗೋಲಿ ಹಿಟ್ಟು ಎಳೆಯುತ್ತಾರೆ. ಆ ಗೆರೆಯೊಳಗೆ ಒಂದು ಹುಲ್ಲುಕಡ್ಡಿಯೂ ಬೆಳೆಯುವಂತಿಲ್ಲ. ಮೀಟರ್ ಓದುವವರಿಗೆ ಇಷ್ಟು ಮರ್ಯಾದೆ ಇನ್ನಾರೂ ಕೊಟ್ಟಿರಲಾರರು.

ಕಷ್ಟ ಇಲ್ಲವೇ? ಇದೆ. ಮುಚ್ಚಳದ ಕೆಳಗೆ ಎರಡು ಸಲ ಹಾವು ಸಿಕ್ಕಿದೆ. ನಡ ನೋಯುತ್ತದೆ, ಸಂಜೆ ಬಸ್ಸಿನಲ್ಲಿ ನಿಲ್ಲಲಾಗುವುದಿಲ್ಲ. ಇನ್ನೊಂದು ಕಷ್ಟ ಅವರ ಬಾಯಿಂದ ಬರುವುದಿಲ್ಲ, ನೋಡಿದವರಿಗೆ ತಿಳಿಯುತ್ತದೆ. ಅವರ ಕೆಲಸ ಚೆನ್ನಾಗಿ ಆದಷ್ಟೂ ಅಲ್ಲೊಂದು ಕೆಲಸ ಆಗಿದೆ ಎಂದೇ ಯಾರಿಗೂ ಹೊಳೆಯುವುದಿಲ್ಲ. ಬಂದ ಬೀಗರು ಹೂವು ಮೆಚ್ಚುತ್ತಾರೆ, ಮನೆಯವರು ನಗುತ್ತಾರೆ, ಅಷ್ಟೇ. ಮನೆ ಕಟ್ಟಿದ ಗೌಂಡಿಯ ಹೆಸರು, ಬಾಗಿಲು ಕೆತ್ತಿದ ಬಡಿಗನ ಹೆಸರು ಎಲ್ಲರಿಗೂ ಗೊತ್ತು. ಗಿಡ ಹಚ್ಚಿದವರ ಹೆಸರು ಕೇಳಿದರೆ "ಯಾರೋ ಒಬ್ಬಾಕಿ ಬಂದಿದ್ಲು" ಎನ್ನುತ್ತಾರೆ. ಇದು ಕೇಳಲು ಬೇಸರವಾಗುತ್ತದೆ. ಗುರುಬಸವ್ವನಿಗೆ ಮಾತ್ರ ಅದರ ಬಗ್ಗೆ ದೂರಿಲ್ಲ. "ಗಿಡಾ ಬದುಕಿದ್ರ ಸಾಕ್ರಿ, ಹೆಸರ ಯಾಕ," ಎನ್ನುತ್ತಾರೆ.

ಅವರು ಮರೆಯದೆ ಹೇಳುವುದು ತಮ್ಮ ತಪ್ಪನ್ನು. ಯಾರಾದರೂ ಹೊಗಳಲು ಶುರು ಮಾಡಿದರೆ ನಡುವೆ ತಡೆದು ಅದನ್ನೇ ಮೊದಲು ಹೇಳುತ್ತಾರೆ.

ಮೂರು ವರ್ಷದ ಹಿಂದೆ ರಾಯರ ಕುಟುಂಬ ಹಳೆಯ ಓಣಿಯಿಂದ ಈ ಹೊಸ ಮನೆಗೆ ಬಂದಿತು. ಗೇಟಿನ ಎರಡೂ ಬದಿಗೆ ಒಂದೇ ಅಚ್ಚಿನ ಎರಡು ಸಿಮೆಂಟ್ ಮುಚ್ಚಳ. ಒಂದರ ಕೆಳಗೆ ಕುಡಿಯುವ ನೀರಿನ ತೊಟ್ಟಿ, ಇನ್ನೊಂದರ ಕೆಳಗೆ ಶೌಚದ ಗುಂಡಿ. ಎಡದ್ದು ನೀರಿನದು ಎಂದು ಮನೆಯಲ್ಲಿ ಹೇಳಿದರು. ಲೀಲಾಬಾಯಿಗೆ ಮನೆ ಮುಂದೆ ತುಳಸಿ ಬೇಕಿತ್ತು. ಹನ್ನೆರಡಡಿ ಅಂಗಳದಲ್ಲಿ ಬೇರೆ ಜಾಗ ಎಲ್ಲಿ? ಗುರುಬಸವ್ವ ಯೋಚಿಸಿದರು. ನೀರಿನ ಮೇಲೆ ತುಳಸಿ ಇದ್ದರೆ ಒಳ್ಳೆಯದೇ, ಮುಚ್ಚಳವೂ ಕಾಣುವುದಿಲ್ಲ. ನಾಲ್ಕು ಮೂಲೆಯ ಸಿಮೆಂಟ್ ವೃಂದಾವನ ತರಿಸಿ ಎಡಗಡೆಯ ಮುಚ್ಚಳದ ಮೇಲೆ ಕೂರಿಸಿದರು. ಬಲಗಡೆಯದಕ್ಕೆ ಅಬ್ಬಲಗಿ ಹೂವಿನ ಕುಂಡಗಳು. ನೋಡಿದವರೆಲ್ಲ ಶಹಬ್ಬಾಸ್ ಎಂದರು.

ಎಂಟು ತಿಂಗಳು ಲೀಲಾಬಾಯಿ ದಿನಾ ಬೆಳಿಗ್ಗೆ ಮಡಿಯಲ್ಲಿ ಬಂದು ನೀರೆರೆದರು, ಸುತ್ತು ಹಾಕಿದರು, ದೀಪ ಹಚ್ಚಿದರು. ಕಾರ್ತೀಕದಲ್ಲಿ ಓಣಿಯವರನ್ನೆಲ್ಲ ಕರೆದು ತುಳಸಿ ಲಗ್ನವನ್ನೂ ಮಾಡಿದರು. ಕಲ್ಲು ನೆಲದಲ್ಲಿ ನೀರು ಇಂಗದೆ ಗುಂಡಿ ಬೇಗ ತುಂಬಿತು. ಹೊಲಸು ಹೀರುವ ಟ್ಯಾಂಕರಿನ ಉಳವಪ್ಪ ಬಂದು ಬಲಗಡೆಯ ಕುಂಡ ಸರಿಸಿ, ಮುಚ್ಚಳ ತೆಗೆದು, ಒಳಗೆ ಬಗ್ಗಿ ನೋಡಿದ. "ರಾಯರ, ಇದರಾಗ ನೀರ ಐತ್ರಿ, ತಿಳಿ ನೀರು," ಎಂದ. ಎಲ್ಲರೂ ನಿಧಾನವಾಗಿ ತಿರುಗಿ ಎಡಗಡೆಯ ತುಳಸಿಯನ್ನು ನೋಡಿದರು.

ಲೀಲಾಬಾಯಿ ಕೂಗಾಡಲಿಲ್ಲ. ಒಳಗೆ ಹೋಗಿ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಗುರುಬಸವ್ವನಿಗೆ ಫೋನ್ ಮಾಡಿ, "ನನ್ನ ಕೈಲೆ ಏನು ಮಾಡಿಸಿದಿ, ಗುರುಬಸವ್ವಾ?" ಎಂದಷ್ಟೇ ಕೇಳಿ ಇಟ್ಟುಬಿಟ್ಟರು.

"ಬೈದಿದ್ರ ಹಗರ ಆಗತಿತ್ತರಿ," ಎನ್ನುತ್ತಾರೆ ಗುರುಬಸವ್ವ. "ಹಿರಿ ಜೀವ. ಎಂಟ ತಿಂಗಳ ಕೈ ಮುಗದಾರ. ಯಾರ ಏನ ಹೇಳಿದ್ರೇನು, ನಾ ಮುಚ್ಚಳಾ ತೆಗದ ನೋಡಬೇಕಾಗಿತ್ತು. ಕೈಯಾಗ ಹಾರಿ ಇತ್ತಲ್ರಿ."

ಆ ಕೆಲಸಕ್ಕೆ ಪಡೆದ ಹಣವನ್ನು ಅವರು ಮರುವಾರವೇ ಹಿಂದಿರುಗಿಸಿದರು. ಅಂದಿನಿಂದ ಯಾವ ಅಂಗಳದಲ್ಲೂ ಮುಚ್ಚಳ ತೆಗೆದು ನೋಡದೆ ಒಂದು ಸಸಿ ನೆಟ್ಟಿಲ್ಲ. ಮನೆಯವರು ಆಣೆ ಮಾಡಿ ಹೇಳಿದರೂ ಕೇಳುವುದಿಲ್ಲ. ಕಿತ್ತೂರಿನಲ್ಲಿ ಒಬ್ಬ ಎಂಜಿನಿಯರು, ತಮ್ಮ ಮನೆಯ ನಕ್ಷೆ ತಾವೇ ಬರೆದದ್ದು ಎಂದು ಸಿಟ್ಟಾದರಂತೆ. ಗುರುಬಸವ್ವ ತಲೆ ಆಡಿಸಿ, ನಕ್ಷೆಯನ್ನು ಮರ್ಯಾದೆಯಿಂದ ಮಡಚಿ ಅವರ ಕೈಗೇ ಕೊಟ್ಟು, ಹಾರೆ ಎತ್ತಿಕೊಂಡರು. ಇನ್ನೊಂದು ಬದಲಾವಣೆಯೂ ಆಯಿತು. ಅವರು ತುಳಸಿ ನೆಡುವುದನ್ನೇ ಬಿಟ್ಟರು. ಯಾರಾದರೂ ಕೇಳಿದರೆ ಜಾಗ ಹಸನು ಮಾಡಿಕೊಟ್ಟು, "ಅದೊಂದ ನಿಮ್ಮ ಕೈಲೆ ಹಚ್ರಿ," ಎನ್ನುತ್ತಾರೆ.

ಈಗ ಬಿಸಿಲು ಅಂಗಳಕ್ಕಿಳಿದಿದೆ. ನೀಲಿ ಪೈಪಿನ ಸುತ್ತ ದಾಸವಾಳ ನಿಂತಿವೆ, ಕಂಬ ಊರುವ ಮೂರು ಕಡೆ ಕುಂಡಗಳು. ಸ್ಟಾರ್ಟರ್ ಡಬ್ಬಿಯ ಮುಂದೆ ಬಿದಿರಿನ ತಟ್ಟಿ ಎದ್ದಿದೆ. ಚಹಾ ತಂದ ವರದಾ ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿ ಹೇಳುತ್ತಾರೆ, "ಬೋರಿನ ನೆವ ಅಷ್ಟರಿ. ನಿಮ್ಮನ್ನ ಕರದದ್ದು ಬ್ಯಾರೆ ಸಲುವಾಗಿ. ಅತ್ತಿಯವರು ತುಳಸಿ ಮ್ಯಾಲ ತಾರಸಿಗೆ ಒಯ್ದು ಇಟ್ಟಾರ. ದಿನಾ ಇಪ್ಪತ್ತೆರಡು ಮೆಟ್ಲ ಹತ್ತತಾರ. ಮೊಣಕಾಲು ನೋಯ್ತಾವ, ಗ್ವಾಡಿ ಹಿಡಕೊಂಡು ಹತ್ತತಾರ. ಕೆಳಗ ತರ್ರಿ ಅಂದ್ರ ಕೇಳವಲ್ರು."

ಗುರುಬಸವ್ವ ಚಹಾದ ಲೋಟ ಕೆಳಗಿಡುತ್ತಾರೆ. ಈ ಮೆಟ್ಟಿಲಿನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಎರಡು ವರ್ಷ ನಾಲ್ಕು ತಿಂಗಳು, ದಿನಕ್ಕೆ ಇಪ್ಪತ್ತೆರಡು ಮೆಟ್ಟಿಲು ಹತ್ತುವುದು, ಇಪ್ಪತ್ತೆರಡು ಇಳಿಯುವುದು. ಲೆಕ್ಕ ಹಾಕುವಷ್ಟು ಧೈರ್ಯ ಅವರಿಗಿಲ್ಲ. ಎದ್ದು ಕಟ್ಟೆಯ ಹತ್ತಿರ ಹೋಗಿ, ಅದರ ಮೆಟ್ಟಿಲ ಪಕ್ಕ ಕೆಳಗೇ ನಿಲ್ಲುತ್ತಾರೆ.

"ಬಾಯಾರ," ಎನ್ನುತ್ತಾರೆ, "ಈ ಪಾವಟಿಗಿ ಬಾಜೂಕ ಜಾಗಾ ಐತ್ರಿ. ಕೆಳಗ ಏನೂ ಇಲ್ಲ. ಯಾವ ಪೈಪೂ ಹಾಯ್ದಿಲ್ಲ. ನಾ ಹಚ್ಚೂದಿಲ್ಲ, ನಿಮ್ಮ ಕೈಲೆ ಹಚ್ರಿ. ಜಾಗಾ ಅಷ್ಟ ಹಸನ ಮಾಡಿಕೊಡತೇನಿ."

ಲೀಲಾಬಾಯಿ ಮುಖ ಆಚೆ ತಿರುಗಿಸುತ್ತಾರೆ. ಬಾಗಿಲ ಬಳಿ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ರಾಯರು ಕನ್ನಡಕ ತೆಗೆಯುತ್ತಾರೆ. ಪೇಪರನ್ನು ಮಡಚುತ್ತಾರೆ, ಮತ್ತೆ ಬಿಚ್ಚಿ ಇನ್ನೊಮ್ಮೆ ಮಡಚುತ್ತಾರೆ. ಎಪ್ಪತ್ತಾರರ ಮನುಷ್ಯ ಪರೀಕ್ಷೆಗೆ ಕುಳಿತ ಹುಡುಗನಂತೆ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಇಲ್ಲಿ ಕೇಳು," ಎನ್ನುತ್ತಾರೆ ಹೆಂಡತಿಗೆ. "ಎಡಗಡೆದು ನೀರಿಂದು ಅಂತ ಈಕಿಗೆ ಹೇಳಿದಾಂವ ನಾನು. ನಕಾಶದಾಗ ಹಂಗ ಇತ್ತು. ಕಲ್ಲು ಹತ್ತಿತು ಅಂತ ಗೌಂಡಿ ಎಡಾ ಬಲಾ ಅದಲ ಬದಲ ಮಾಡಿದ್ದ, ನನಗ ಹೇಳಿಯೂ ಇದ್ದ. ನಾ ಮರತಿದ್ದೆ. ಅವತ್ತಿನಿಂದ ಹೇಳಬೇಕು ಹೇಳಬೇಕು ಅಂತ... ಆಗಲಿಲ್ಲ."

ವರದಾ ಚಹಾದ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಾರೆ. ಲೀಲಾಬಾಯಿ ಗಂಡನನ್ನು ಒಮ್ಮೆ ನೋಡಿ, ಗುರುಬಸವ್ವನ ಕಡೆ ತಿರುಗುತ್ತಾರೆ.

"ನೀ ಯಾಕ ಹೇಳಲಿಲ್ಲ?"

ಇಷ್ಟು ದಿನ ಕಾದಿದ್ದ ಮಾತು ಬಂದೇಬಿಟ್ಟಿದೆ. ಗುರುಬಸವ್ವ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಳ್ಳುತ್ತಾರೆ.

"ರಾಯರ ಹೇಳಿದ್ದ ಖರೆ ಐತ್ರಿ," ಎನ್ನುತ್ತಾರೆ. "ತೆಗದ ನೋಡಬ್ಯಾಡ ಅಂತ ಹೇಳಿದ್ದಿಲ್ಲಲ್ರಿ."

ಲೀಲಾಬಾಯಿ ಎದ್ದು ಒಳಗೆ ಹೋಗುತ್ತಾರೆ. ರಾಯರು ಬಾಗಿಲ ಕಡೆ ನೋಡುತ್ತ, ಇನ್ನೆರಡು ದಿನ ಊಟ ಬಿಟ್ಟರೆ ಏನು ಗತಿ ಎಂಬಂತೆ ಕೂತಿದ್ದಾರೆ. ಸೊಸೆಗೂ ಅದೇ ಚಿಂತೆ. ಗುರುಬಸವ್ವ ಮಾತ್ರ ತಟ್ಟಿಯ ಬಳಿಗೆ ಮರಳಿ ಶಂಖಪುಷ್ಪದ ಬಳ್ಳಿಗೆ ದಾರ ಕಟ್ಟತೊಡಗುತ್ತಾರೆ. ಕೈ ಸುಮ್ಮನಿದ್ದರೆ ಅಳು ಬರುತ್ತದೆ ಎಂದು ಆಮೇಲೆ ಹೇಳಿದರು. ಒಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳುತ್ತದೆ, ನಿಂತು ನಿಂತು ಹತ್ತುವ ಹೆಜ್ಜೆ. ಅದೇ ಹೆಜ್ಜೆ ಇನ್ನೂ ನಿಧಾನವಾಗಿ ಇಳಿಯುತ್ತದೆ. ಲೀಲಾಬಾಯಿ ಹೊರಗೆ ಬಂದಾಗ ಎರಡೂ ಕೈಯಲ್ಲಿ ಒಂದು ಪುಟ್ಟ ಮಣ್ಣಿನ ಕುಂಡ ಇದೆ, ಅದರಲ್ಲಿ ಗೇಣುದ್ದದ ಕೃಷ್ಣ ತುಳಸಿ. ವರದಾ ಓಡಿಹೋಗಿ ಹಿಡಿಯಲು ನೋಡಿದರೆ ಕೊಡುವುದಿಲ್ಲ.

ಅವರು ನೇರವಾಗಿ ಪಾವಟಿಗೆಯ ಪಕ್ಕಕ್ಕೆ ಬಂದು, ಕುಂಡವನ್ನು ಗುರುಬಸವ್ವನ ಮುಂದೆ ಚಾಚುತ್ತಾರೆ. "ಹಿಡಿ. ನೀನ ಹಚ್ಚು. ನನಗ ಬಗ್ಗಲಿಕ್ಕೆ ಆಗೂದಿಲ್ಲ."

ಬಗ್ಗಲು ಆಗುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ, ಬೆಳಿಗ್ಗೆ ಅವರು ಅಂಗಳದಲ್ಲಿ ಬಗ್ಗಿ ರಂಗೋಲಿ ಹಾಕಿದ್ದನ್ನು ಎಲ್ಲರೂ ನೋಡಿದ್ದಾರೆ. ಯಾರೂ ಅದನ್ನು ಎತ್ತಿ ಆಡುವುದಿಲ್ಲ. ಗುರುಬಸವ್ವ ಕೈ ತೊಳೆದು ಬಂದು ಕುಂಡವನ್ನು ಇಸಿದುಕೊಂಡು, ಪಾವಟಿಗೆಯ ಮೇಲೆ ನೆರಳಿನಲ್ಲಿಡುತ್ತಾರೆ. ಹಾರೆ ಎತ್ತಿ ಅಗೆಯತೊಡಗುತ್ತಾರೆ. ಇಷ್ಟು ಚಿಕ್ಕ ಸಸಿಗೆ ಒಂದು ಗೇಣು ತಗ್ಗು ಸಾಕು. ಅವರು ಒಂದಡಿ ಅಗೆಯುತ್ತಾರೆ. ಎರಡಡಿ ಅಗೆಯುತ್ತಾರೆ. ತಗ್ಗಿನೊಳಗೆ ತೋಳಿನವರೆಗೆ ಕೈ ಬಿಟ್ಟು ಸುತ್ತ ತಡವುತ್ತಾರೆ, ಮಣ್ಣನ್ನು ಹಿಡಿಯಷ್ಟು ತೆಗೆದು ಮೂಸುತ್ತಾರೆ, ಮತ್ತೆ ಅಗೆಯುತ್ತಾರೆ. ಬಿಸಿಲಿಗೆ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದೆ. ಪಾವಟಿಗೆಯ ಮೇಲೆ ಕುಳಿತ ಲೀಲಾಬಾಯಿ ಸೆರಗಿನಿಂದ ಸಸಿಗೆ ನೆರಳು ಮಾಡಿಕೊಂಡು ನೋಡುತ್ತಿದ್ದಾರೆ.

"ಸಾಕು ಬಿಡು, ಗುರುಬಸವ್ವಾ," ಎನ್ನುತ್ತಾರೆ ಕೊನೆಗೆ. "ನನಗ ನಂಬಿಕಿ ಅದ."

ಗುರುಬಸವ್ವ ನಡ ನೆಟ್ಟಗೆ ಮಾಡಿ, ಬೆವರು ಒರೆಸಿಕೊಂಡು, ಬೆಳಗಿನಿಂದ ಮೊದಲ ಸಲ ನಗುತ್ತಾರೆ.

"ನಿಮಗ ಐತ್ರಿ, ಬಾಯಾರ. ನನಗ ಇನ್ನೊಂದ ಗೇಣ ಬೇಕು."